ಎರಡು ಸಾಲು ಹೊಲಿಗೆ

"ಅಲ್ಲಾಡಬೇಡಿ ಕೂಸಪ್ಪಣ್ಣ, ಇನ್ನೊಂದೇ," ಎಂದಳು ಶ್ರೀರಂಜಿನಿ, ಅವನ ಹುಬ್ಬಿನ ಕೊನೆಗೆ ಸೂಜಿ ಇಳಿಸುತ್ತ.

"ಊರಿನವರ ಬಟ್ಟೆಗೆಲ್ಲ ಚುಚ್ಚಿದವ ನಾನು. ಈಗ ನನ್ನ ಸರದಿ ಮಾರಾಯ್ತಿ," ಎಂದ ಟೈಲರ್ ಕೂಸಪ್ಪ. ಸೂಜಿಯ ಬಗ್ಗೆ ಅವನಿಗೆ ದೂರಿರಲಿಲ್ಲ. ಕಾಜಾ ಹೊಲಿಯುವ ಸೂಜಿಗಿಂತಲೂ ಸಪೂರ, ಇಳಿದದ್ದೇ ತಿಳಿಯುತ್ತಿರಲಿಲ್ಲ.

ಬಲಗಣ್ಣನ್ನು ಹೊರಕ್ಕೆ ಎಳೆಯುವ ಸ್ನಾಯುವಿನ ನರವನ್ನು ಸಕ್ಕರೆ ಕಾಯಿಲೆ ಹಿಡಿದಿತ್ತು. ಒಂದು ಬೆಳಿಗ್ಗೆ ಪೆರ್ಲ ಪೇಟೆಯೇ ಅವನಿಗೆ ಎರಡಾಗಿ ಕಂಡಿತ್ತು. ಸಕ್ಕರೆ ಹತೋಟಿಯಲ್ಲಿದ್ದರೆ ಮೂರು ತಿಂಗಳಲ್ಲಿ ತಾನಾಗಿ ಸರಿಯಾದೀತು ಎಂದಿದ್ದರು ಮಂಗಳೂರಿನ ಡಾಕ್ಟರು. ಕಾಯುವ ತಾಳ್ಮೆಯಿಲ್ಲದೆ ಅವನು ತನ್ನ ಅಂಗಡಿಯ ಮಹಡಿಯಲ್ಲಿದ್ದ ಈ ಅಕ್ಯುಪಂಕ್ಚರ್ ಕೋಣೆಗೂ ಹತ್ತಿದ್ದ. ಆ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡರೆ ಎಲ್ಲ ಒಂದೇ ಕಾಣುತ್ತಿತ್ತು. ಆದರೆ ಒಂದೇ ಕಣ್ಣಿಗೆ ಆಳ-ದೂರದ ಅಂದಾಜು ಸಿಗುತ್ತಿರಲಿಲ್ಲ. ಕತ್ತರಿ ಬಟ್ಟೆಯ ಬದಲು ಗಾಳಿಯನ್ನು ಕತ್ತರಿಸುತ್ತಿತ್ತು.

ಹಾಗಾಗಿ ಮೆಷಿನ್ನಿಗೆ ಹೆಂಡತಿ ಕಿನ್ನಿ ಕೂತಳು. ಅಷ್ಟು ವರ್ಷ ಹುಕ್ಕು ಹಾಕಿ, ಅಂಚು ಮಡಚಿ ಕೊಡುತ್ತಿದ್ದವಳು. ಅವಳ ಮೊದಲ ಹೊಲಿಗೆಯನ್ನು ಪಟ್ಟಿ ಸರಿಸಿ ನೋಡಿ, "ಇದೆಂತ, ಎರಡು ಸಾಲು ಹೋಗಿದೆ! ಬಿಚ್ಚು," ಎಂದು ಗದರಿದ್ದ.

"ಸಾಲು ಒಂದೇ ಉಂಟು. ಎರಡಿರುವುದು ನಿಮ್ಮ ಕಣ್ಣಲ್ಲಿ," ಎಂದು ಕಿನ್ನಿ ನಕ್ಕಿದ್ದಳು. ಬಿಚ್ಚಿರಲಿಲ್ಲ. ಆ ನಗು ಅವನೊಳಗೆ ಮುರಿದ ಸೂಜಿಯ ತುದಿಯಂತೆ ಉಳಿದುಬಿಟ್ಟಿತ್ತು.

ಶ್ರೀರಂಜಿನಿ ಸೂಜಿಗಳನ್ನು ತೆಗೆದು, ಪೆನ್ನೊಂದನ್ನು ಅವನ ಬಲಕ್ಕೆ ಸರಿಸುತ್ತ ಹೋದಳು. "ಎಷ್ಟು ಕಾಣ್ತದೆ?"

ಪೆನ್ನು ಎರಡಾಗಿ ಒಡೆಯಲಿಲ್ಲ. ಕೊನೆಯವರೆಗೂ ಒಂದೇ. ಮೂರು ತಿಂಗಳೂ ತುಂಬುತ್ತ ಬಂದಿತ್ತು. ಸೂಜಿಯೋ ಸಮಯವೋ, ಯಾರು ಹೇಳಬೇಕು?

"ಒಂದೇ! ಕಿನ್ನಿಗೆ ಹೇಳಬೇಡಿ, ನಾನೇ ಹೇಳ್ತೇನೆ," ಎಂದವನೇ ಪಟ್ಟಿಯನ್ನು ಕಿಸೆಗೆ ತುರುಕಿ ಮೆಟ್ಟಿಲಿಳಿದ. 'ಏಳು, ನಾನು ಕೂರ್ತೇನೆ' ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು.

ಕೊನೆಯ ಮೆಟ್ಟಿಲಿನಲ್ಲಿ ಸತ್ಯವತಿ ಟೀಚರ ದನಿ ಕೇಳಿಸಿತು. "ಕಿನ್ನಿಯಕ್ಕ, ನನಗೆ ರವಿಕೆಯ ತೋಳು ಹೀಗೆ ಕೂತದ್ದು ಇದೇ ಮೊದಲು. ಅವರ ಕಣ್ಣು ಸರಿಯಾದರೂ ಮಗಳ ಮದುವೆಯದ್ದು ನೀವೇ ಹೊಲಿಯಬೇಕು, ಆಯ್ತಾ?"

"ಶ್ಶ್, ಮೇಲೆಯೇ ಇದ್ದಾರೆ," ಎಂದಳು ಕಿನ್ನಿ. ಆದರೆ ಇಲ್ಲ ಎನ್ನಲಿಲ್ಲ. "ಬನ್ನಿ ಟೀಚರೇ, ಒಂದು ಚಾ ಕುಡಿಯುವ."

ಇಬ್ಬರೂ ಎದುರಿನ ಹೋಟೆಲಿಗೆ ದಾಟಿದ ಮೇಲೆ ಕೂಸಪ್ಪ ಒಳಗೆ ಬಂದ. ಸ್ಟೂಲು ಇನ್ನೂ ಬೆಚ್ಚಗಿತ್ತು. ಮೆಷಿನ್ನಿನ ಮೇಲಿದ್ದ ರವಿಕೆಯನ್ನು ತಿರುವಿ, ತೋಳು ಸೇರುವ ಕಡೆ ಎರಡೂ ಕಣ್ಣಿಟ್ಟು ನೋಡಿದ. ಹೊಲಿಗೆ ಒಂದೇ ಸಾಲು. ಎಲ್ಲಾದರೂ ಒಂದು ಸುಕ್ಕು ಸಿಗಲಿ ಎಂದು ಉಗುರಿನಿಂದ ಸವರುತ್ತ ಸುತ್ತು ಬಂದ. ಸಿಗಲಿಲ್ಲ.

ಕೈಸೂಜಿಯೊಂದನ್ನು ಎತ್ತಿ ದಾರದ ತುದಿಯನ್ನು ತುಟಿಗಿಟ್ಟು ಒದ್ದೆ ಮಾಡಿದ. ಮೊದಲ ಸಲಕ್ಕೇ ದಾರ ಸೂಜಿಯ ಕಣ್ಣಿನೊಳಗೆ ಹೋಯಿತು.

ಹೊರಗೆ ಕಿನ್ನಿಯ ಚಪ್ಪಲಿಯ ಸದ್ದಾಯಿತು. ಅವನು ದಾರವನ್ನು ಮೆಲ್ಲನೆ ಹೊರಗೆಳೆದ. ಸ್ಟೂಲಿನಿಂದೆದ್ದು ಪಟ್ಟಿ ಕಟ್ಟಿಕೊಂಡ.

"ಎಂತ ಹೇಳಿದರು?" ಅವಳು ಅವನಿಗೆಂದು ತಂದ ಸಪ್ಪೆ ಚಾವನ್ನು ಕೈಗಿತ್ತಳು.

"ಇನ್ನೂ ಎರಡೇ ಕಾಣ್ತದೆ."

"ಆಗ್ತದೆ, ಅವಸರ ಮಾಡಬೇಡಿ," ಎಂದು ಕಿನ್ನಿ ಕೂತು ಚಕ್ರ ತಿರುಗಿಸಿದಳು. ರವಿಕೆ ಸೂಜಿಯಡಿ ಸರಿಯತೊಡಗಿತು. ಕಪ್ಪು ಪಟ್ಟಿಯ ಹಿಂದೆ ಅವನ ಬಲಗಣ್ಣು ತೆರೆದೇ ಇತ್ತು.