ತಗ್ಗಿನಲ್ಲಿ ನಿಂತ ನೀರು

ಗುದ್ದಲಿಯ ಕಾವು ಎರಡನೆಯ ಸಲ ಬೀಳುವಾಗ ಸಣ್ಣಬೀರಪ್ಪ ಬಲಗೈ ಅಡ್ಡ ಹಿಡಿದ. ಒಣಗಿದ ತೆಂಗಿನ ಎಡೆಮಟ್ಟೆ ಮುರಿದ ಹಾಗೆ ಸದ್ದಾಯಿತು.

“ನಿನ್ನ ಒಲೆ ಧಗಧಗ ಉರೀತೈತೆ, ನಮ್ದ್ಯಾಕೆ ಆರೋಯ್ತು? ವಾಲ್ವ್ ತಿರುಗ್ಸಿದ್ದು ನೀನೇ ಕಣೋ ಮುದ್ಕ!” ದೇವರಾಜ ಮತ್ತೆ ಕಾವೆತ್ತಿದ.

ದೇವರಾಜನ ತಮ್ಮ ತಿಪ್ಪೇಶ ಎರಡು ಮಾರು ದೂರದಲ್ಲಿ ನಿಂತಿದ್ದ.

ಪಂಚನಹಳ್ಳಿಯ ಆ ಎರಡು ಮನೆಗೂ, ಈ ಅಣ್ಣತಮ್ಮಂದಿರಿಗೂ ಅವರ ಚಿಕ್ಕಪ್ಪ ಸಣ್ಣಬೀರಪ್ಪನಿಗೂ, ಒಂದೇ ಗೋಬರ್ ಗ್ಯಾಸ್ ಗುಂಡಿ. ಒಂದು ದಿನ ಇವರ ಸಗಣಿ, ಒಂದು ದಿನ ಅವರದು. ಕಳೆದ ರಜೆಯಲ್ಲಿ ಪೈಪ್ ಎಳೆದವನು ತಿಪ್ಪೇಶ. ಅವನ ಕೆಲಸ ಜಾರ್ಖಂಡಿನ ಕಲ್ಲಿದ್ದಲು ಗ್ಯಾಸಿನ ಬಾವಿಗಳಲ್ಲಿ. ಅಲ್ಲಿ ಬಾವಿಯಲ್ಲಿ ನೀರು ನಿಂತರೆ ಗ್ಯಾಸ್ ಮೇಲೇಳದು, ಮೊದಲು ನೀರೆಳೆಯಬೇಕು. ವರ್ಷವಿಡೀ ಅವನು ಮಾಡುವುದೇ ಅದು. ತಮ್ಮ ಮನೆಗೆ ಬರುವ ಪೈಪ್ ಗಾಡಿದಾರಿಯಡಿ ತಗ್ಗಿಗಿಳಿಯುವಲ್ಲಿ ಮಾತ್ರ ನೀರು ಬಿಡುವ ನಲ್ಲಿ ಹಾಕಿರಲಿಲ್ಲ. ರಜೆ ಮುಗಿದಿತ್ತು, ಮುಂದಿನ ಸಲ ಹಾಕಿದರಾಯಿತು ಎಂದುಕೊಂಡಿದ್ದ. ಬೆಳಿಗ್ಗೆ ಒಲೆ ಪುಕುಪುಕು ಎಂದು ಆರಿದಾಗಲೇ ತಗ್ಗಿನಲ್ಲಿ ನೀರು ನಿಂತಿದೆಯೆಂದು ಅವನಿಗೆ ಗೊತ್ತಾಗಿತ್ತು. ಊರವರು ಇಂಜಿನಿಯರ್ ಎಂದು ಕರೆಯುತ್ತಿದ್ದರಲ್ಲ, ಅದಕ್ಕೇ ಬಾಯಿ ಬಿಟ್ಟಿರಲಿಲ್ಲ.

ಮೂರನೆಯ ಏಟು ಹೆಗಲಿಗೆ ಬಿತ್ತು. ಚಿಕ್ಕಪ್ಪ ಮಂಡಿಯೂರಿದ. “ಬೀರಪ್ಪಸ್ವಾಮಿ ಆಣೆ, ಮುಟ್ಟಿಲ್ಲ ಕಣೋ ದೇವಾ.”

ಮುಂದಿನದು ತಲೆಗೇ. ತಿಪ್ಪೇಶ ಓಡಿಹೋಗಿ ಮುದುಕನ ಮೇಲೆ ಬಿದ್ದ. ಕಾವು ಅವನ ಬೆನ್ನಿಗೆ ಬಡಿದು ಉಸಿರೇ ನಿಂತಂತಾಯಿತು.

“ನಿಲ್ಸಣ್ಣಾ... ತಪ್ಪು ನಂದು. ಪೈಪಲ್ಲಿ ನೀರೈತೆ. ದಾರಿ ಅಗೆದು ನೋಡು.”

ದೇವರಾಜ ಕಾವು ಬಿಸಾಕಿ ಹಾರೆ ಹಿಡಿದ. ಮಣ್ಣನ್ನೇ ಕೊಲ್ಲುವವನಂತೆ ಅಗೆದ. ಕಡೆಯ ಏಟಿಗೆ ಪೈಪ್ ಸೀಳಿ, ನಾರುವ ಕರಿನೀರು ಅವನ ಮುಖಕ್ಕೇ ಚಿಮ್ಮಿತು. ಹಿಂದೆಯೇ ಗ್ಯಾಸ್ ಬುಸ್ಸೆಂದಿತು.

ಅವನು ಮುಖ ಒರೆಸಿಕೊಂಡು ತಮ್ಮನ ಕಡೆ ತಿರುಗಿದ. “ಬೆಳಿಗ್ಗೇನೇ ಗೊತ್ತಿತ್ತೇನ್ಲೇ?”

“ಗೊತ್ತಿತ್ತು.”

ಮುಷ್ಟಿ ಬಾಯಿಗೆ ಬಿತ್ತು. ಹಲ್ಲೊಂದು ಕಳಚಿ ನಾಲಿಗೆಗೆ ಸಿಕ್ಕಿತು. ತಿಪ್ಪೇಶ ಕೈ ಅಡ್ಡ ತರಲಿಲ್ಲ. ಇನ್ನೊಂದು ಬಿತ್ತು. ದೇವರಾಜ ಅವನ ಬಲಗೈ ಹಿಡಿದು ಹಿಂದಕ್ಕೆ ತಿರುಚತೊಡಗಿದ.

“ಬಿಡೋ ದೇವಾ,” ಜೋತುಬಿದ್ದ ಕೈಯನ್ನು ಎದೆಗವಚಿಕೊಂಡು ಚಿಕ್ಕಪ್ಪ ನರಳಿದ. “ಹಲ್ಲು ಬೇಕಾದ್ರೆ ಎಲ್ಲಾ ಉದುರ್ಸು. ಕೈ ಮುರೀಬ್ಯಾಡ. ಸಂಜೆ ನನ್ನ ಹಸಿನ ಹಾಲು ಕರಿಯೋನು ಇನ್ನು ಅವ್ನೇ.”