ಬೋಂಡನಿಗೆ ಅಮ್ಮ ಬಂದದ್ದು

ಸಾಸಿವೆ ಡಬ್ಬಿಗೆ ಕೈ ಹಾಕಿದ್ದ ಸೊಸೆಯನ್ನು ಕಮಲಾತಾಳ್ ಅಡುಗೆಮನೆ ಬಾಗಿಲಲ್ಲೇ ನಿಂತು ತಡೆದಳು.

"ಒಗ್ಗರಣೆ ಬ್ಯಾಡ ಕಲೈಸೆಲ್ವಿ. ಮನೇಲಿ ಅಮ್ಮ ಬಂದವ್ಳೆ, ಮರ್ತುಬಿಟ್ಯಾ?"

"ಅತ್ತೆ, ಅಮ್ಮ ಬಂದಿರೋದು ಗಿನಿಪಿಗ್ಗಿಗೆ."

"ಗಿನಿಪಿಗ್ಗಾದ್ರೆ? ಅದುಕ್ಕೂ ಜೀವ ಇಲ್ವಾ, ಉಯಿರಿಲ್ವಾ?"

ಕಲೈಸೆಲ್ವಿ ಡಬ್ಬಿಯ ಮುಚ್ಚಳ ಒತ್ತಿದಳು. ಇತ್ತ ಇಲಿಯೂ ಅಲ್ಲದ, ಅತ್ತ ಮೊಲವೂ ಅಲ್ಲದ, ಬೊಗಸೆಯಲ್ಲಿ ಹಿಡಿಯುವಷ್ಟಿದ್ದ ಆ ಪ್ರಾಣಿಯ ದೆಸೆಯಿಂದ ಮನೆಮಂದಿಯೆಲ್ಲ ಸಪ್ಪೆ ಸಾರು ಉಣ್ಣುವಂತಾಗಿತ್ತು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಗೂಡಿನೊಳಗೂ ಬೇವಿನ ಸೊಪ್ಪಿನ ಹಾಸಿಗೆ. ಹೊರಗಿನವರು ಒಳಗೆ ಬರುವಂತಿಲ್ಲ, ರೋಗಿ ಹೊಸ್ತಿಲು ದಾಟುವಂತಿಲ್ಲ, ಡಾಕ್ಟರನ ಹೆಸರು ಎತ್ತುವಂತಿಲ್ಲ. ಕೋಯಮುತ್ತೂರಿನ ಹತ್ತಿರದ ತೊಂಡಾಮುತ್ತೂರಿನ ಆ ತೋಟದ ಮನೆಯಲ್ಲಿ ಕಮಲಾತಾಳ್ ಹೇಳಿದ ಮೇಲೆ ಮುಗಿಯಿತು.

ಸುಮ್ಮಸುಮ್ಮನೆ ಹೇಳುವ ಹೆಂಗಸೂ ಅಲ್ಲ ಅವಳು. ಹಿಂದೆ ಸೀಮೆಯ ದನಗಳಿಗೆಲ್ಲ ಮೈತುಂಬ ಗಂಟೆದ್ದಾಗ, ಬೇವು ಅರಿಶಿನ ಅರೆದು ಹಚ್ಚಿ, ಮಾರಿಯಮ್ಮನಿಗೆ ಹರಕೆ ಹೊತ್ತು ತನ್ನ ಹಸುವನ್ನು ಉಳಿಸಿಕೊಂಡಿದ್ದಳು. ಈಗ ಮೊಮ್ಮಗಳು ಇಂದುಜಾಳ ಗಿನಿಪಿಗ್ ಬೋಂಡನ ಬೆನ್ನಿನ ಮೇಲೆ ಕೂದಲುದುರಿ, ಹಳದಿ ಹೊಪ್ಪಳೆ ಎದ್ದದ್ದನ್ನು ಕಂಡಾಗ ಅವಳಿಗೆ ಸಂದೇಹವೇ ಬರಲಿಲ್ಲ. ಎರಡು ಕೈ ಜೋಡಿಸಿ "ತಾಯೀ" ಅಂದಳು.

ಅವಳಿಗೆ ಭಯವಿತ್ತು. ಅದನ್ನು ಮನೆಯಲ್ಲಿ ಎಲ್ಲರೂ ಬಲ್ಲರು, ಯಾರೂ ಆಡುವುದಿಲ್ಲ. ಅವಳ ಕಿರಿಯ ಮಗ ಮಣಿಕಂಡನ್ ಇನ್ನೂ ತೊದಲು ಮಾತಿನ ವಯಸ್ಸಿನಲ್ಲಿದ್ದಾಗ ಮೈಮೇಲೆ ಅಮ್ಮ ಎದ್ದಿತ್ತು. ಜ್ವರ ಏರಿದ್ದನ್ನು ನೋಡಲಾರದೆ ಗಂಡ ಮಯಿಲ್‌ಸಾಮಿ, ಬೇಡ ಬೇಡವೆಂದರೂ ಕೇಳದೆ, ಮಗುವನ್ನೆತ್ತಿಕೊಂಡು ಕೋಯಮುತ್ತೂರಿನ ಆಸ್ಪತ್ರೆಗೆ ಓಡಿದ್ದ. ಮಗು ತಿರುಗಿ ಬರಲಿಲ್ಲ. "ಹೊಸಲು ದಾಟ್ಸಿ ನೀವೇ ಕೊಂದ್ರಿ" ಎಂದು ಅವಳು ಹೇಳಿದ್ದು ಒಂದೇ ಒಂದು ಸಲ. ಅಂದಿನಿಂದ ಮನೆಯಲ್ಲಿ ಯಾರಿಗಾದರೂ ಮೈ ಬೆಚ್ಚಗಾದರೆ ಸಾಕು, ಮಯಿಲ್‌ಸಾಮಿಗೆ ತೋಟದ ಮೋಟಾರು ನೆನಪಾಗುತ್ತದೆ. ಟಾರ್ಚು ಹಿಡಿದು ಹೊರಟುಬಿಡುತ್ತಾನೆ. ಗಂಡಹೆಂಡಿರು ಅದೊಂದು ಮಾತನ್ನು ನಡುವೆ ಇಟ್ಟುಕೊಂಡೇ ಮುದುಕರಾಗಿದ್ದರು.

ಬೋಂಡ ಸೊರಗುತ್ತಲೇ ಹೋಯಿತು. ಹಿಂಗಾಲಿನಿಂದ ಮೈ ಕೆರೆದುಕೊಂಡದ್ದೇ ಕೆರೆದುಕೊಂಡದ್ದು. ಸೊಪ್ಪು ಕೊಟ್ಟರೆ ಮೂಸಿ ಬಿಡುತ್ತಿತ್ತು. ಮೊದಲಾದರೆ ಇಂದುಜಾಳ ಹೆಜ್ಜೆ ಸಪ್ಪಳಕ್ಕೇ ಶಿಳ್ಳೆ ಹೊಡೆಯುತ್ತಿದ್ದ ಪ್ರಾಣಿ ಈಗ ಮೂಲೆ ಹಿಡಿದು ಕೂತಿತ್ತು.

"ಅಪ್ಪತ್ತಾ," ಎಂದಳು ಇಂದುಜಾ. ಅಪ್ಪನ ತಾಯಿಯನ್ನು ಆ ಸೀಮೆಯಲ್ಲಿ ಕರೆಯುವುದೇ ಹಾಗೆ. "ಅಮ್ಮ ಯಾವಾಗ ಇಳಿತಾಳೆ?"

"ಇಳಿತಾಳೆ ಕಣ್ಣು. ತಲೆಗೆ ನೀರು ಹುಯ್ದ್ಮೇಲೆ ಇಳಿತಾಳೆ."

ಹಾಗೆ ಹೇಳುತ್ತಿರುವಾಗಲೇ ಬೋಂಡ ಕೆರೆದುಕೊಳ್ಳುತ್ತ ಕೆರೆದುಕೊಳ್ಳುತ್ತ ಪಕ್ಕಕ್ಕೆ ಬಿತ್ತು. ಕಾಲು ನಾಲ್ಕೂ ಸೆಟೆದು ಒದ್ದಾಡಿದವು. ಇಂದುಜಾ ಕಿಟಾರನೆ ಕಿರುಚಿ, ಅದನ್ನು ಬಾಚಿ ಎದೆಗೊತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಸೆಟೆತ ಸಡಿಲಿತು, ಉಸಿರು ಮಾತ್ರ ಪುಸುಪುಸು ಎನ್ನುತ್ತಿತ್ತು.

"ಕೊಡು ಇಲ್ಲಿ" ಎಂದು ಮೊಮ್ಮಗಳ ತೋಳು ಬಿಡಿಸಹೋದ ಕಮಲಾತಾಳ್ ಹಾಗೇ ನಿಂತಳು. ಹುಡುಗಿಯ ಮುಂಗೈ ಒಳಭಾಗದಲ್ಲಿ ಕೆಂಪು ಗುಳ್ಳೆ. ಕುತ್ತಿಗೆಯ ಕೆಳಗೂ ಒಂದಿಷ್ಟು.

ಹುಡುಗಿಯ ಹಣೆ ಮುಟ್ಟಿದಳು. ತಣ್ಣಗಿತ್ತು. ಅಂಗಿ ಎತ್ತಿ ಬೆನ್ನು ನೋಡಿದಳು, ಹೊಟ್ಟೆ ನೋಡಿದಳು. ಏನೂ ಇರಲಿಲ್ಲ.

"ತುರಿಸ್ತದಾ?"

"ತುಂಬ ತುರಿಸ್ತದೆ ಅಪ್ಪತ್ತಾ. ಹೇಳಿದ್ರೆ ಬೋಂಡನ್ನ ಎತ್ಕೋಬ್ಯಾಡ ಅಂತೀರ ಅಂತ ಹೇಳ್ಳಿಲ್ಲ."

ಕಮಲಾತಾಳ್ ಗುಳ್ಳೆಗಳನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದಳು. ಅಮ್ಮ ಬಂದ ಮೈಗಳನ್ನು ಅವಳು ಕಂಡಿಲ್ಲವೇ? ಜ್ವರವಿಲ್ಲದೆ ಬರುವವಳಲ್ಲ. ಬಂದರೆ ಮುಖ ಬೆನ್ನು ಯಾವುದನ್ನೂ ಬಿಡುವವಳಲ್ಲ. ಇವು ಎದ್ದದ್ದು ಪ್ರಾಣಿಯನ್ನು ತಬ್ಬಿಕೊಂಡ ಜಾಗದಲ್ಲಿ ಮಾತ್ರ.

"ಇದು ಅಮ್ಮ ಅಲ್ಲ," ಎಂದಳು ನಿಧಾನಕ್ಕೆ. "ಸೆರಂಗು. ಹುಳುಕಜ್ಜಿ." ಆಮೇಲೆ ತನಗೆ ತಾನೇ ಎಂಬಂತೆ, "ಅಯ್ಯೋ, ಪಾವಂ, ಇಷ್ಟು ದಿನ ಸುಮ್ನೆ ಕೆರ್ಕೊಂಡು ಸತ್ತದಲ್ಲ" ಎಂದಳು. ಕಣ್ಣು ತುಂಬಿಕೊಂಡಿತು.

ಹಾಗಂತ ಭಯ ಅಷ್ಟು ಸುಲಭಕ್ಕೆ ಬಿಟ್ಟುಹೋಗುವುದೇ? ಒಂದು ವೇಳೆ ತಾನೇ ತಪ್ಪಾಗಿದ್ದರೆ? ಬೋಂಡನನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊಸ್ತಿಲ ತನಕ ಬಂದವಳಿಗೆ ಕಾಲು ಏಳಲಿಲ್ಲ. ಅಂಗಳದಲ್ಲಿ ಮಯಿಲ್‌ಸಾಮಿ ಟಾರ್ಚು ಹುಡುಕುತ್ತಿದ್ದ. ನಡುಹಗಲಲ್ಲಿ.

"ಏನುಂಗೊ," ಎಂದು ಕರೆದಳು. "ಮೋಟಾರು ಎಲ್ಲೂ ಓಡೋಗಲ್ಲ. ಇದುನ್ನ ಡಾಕ್ಟರ್ ತಾವ ತಕೊಂಡೋಗ್ಬೇಕು. ಬನ್ನಿ."

ಅವನು ಹೆಂಡತಿಯ ಮುಖ ನೋಡಿದ, ಬುಟ್ಟಿ ನೋಡಿದ.

"ನಾನಾ?"

"ನೀವೇ. ನನಗೆ ಕಾಲು ಬರ್ತಾ ಇಲ್ಲ."

ಮಯಿಲ್‌ಸಾಮಿ ಬಂದು ಬುಟ್ಟಿಗೆ ಕೈ ನೀಡಿದ. ಅವಳು ಬುಟ್ಟಿ ಕೊಟ್ಟಳು, ಮೊಮ್ಮಗಳ ಹೆಗಲು ಹಿಡಿದು ಹೊಸ್ತಿಲು ದಾಟಿದಳು. ಒಳಗೆ ಕಲೈಸೆಲ್ವಿ ತಡಮಾಡದೆ ಬಾಣಲೆಗೆ ಎಣ್ಣೆ ಹುಯ್ದಳು.

ವಡವಳ್ಳಿಯ ಪ್ರಾಣಿವೈದ್ಯೆ ಪ್ರಕೃತಿ ದಾವಣಗೆರೆ ಕಡೆಯ ಹುಡುಗಿ, ಬಂದು ಬಹಳ ಕಾಲವಾಗಿರಲಿಲ್ಲ. ಇಂದುಜಾ ಅಜ್ಜಿಯ ಕಿವಿಯಲ್ಲಿ ಗುಸುಗುಟ್ಟಿದ್ದು ಕೇಳಿ ಮುಖ ಅರಳಿಸಿದಳು.

"ನೀವು ಕನ್ನಡದವರಾ?"

"ಮನೇಲಿ ಮಾತ್ರ" ಎಂದಳು ಇಂದುಜಾ.

ವೈದ್ಯೆ ಬೋಂಡನ ಹೊಪ್ಪಳೆಯಿಂದ ಒಂದಿಷ್ಟು ಹೆರೆದು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಳು. ಇಂದುಜಾಳಿಗೂ ತೋರಿಸಿದಳು. ಗುಂಡನೆಯ ಹುಳು, ಮೊಟಕಾದ ಕಾಲು. "ನುಸಿ ಇದು. ಚರ್ಮದೊಳಗೇ ಬಿಲ ಕೊರೆಯುತ್ತೆ. ತುರಿಕೆ ತಡೆಯೋಕಾಗದೇ ಫಿಟ್ಸ್ ಬರುತ್ತೆ. ಅಂಗಡಿಯಿಂದ ಬರುವಾಗಲೇ ಮೈಮೇಲೆ ಇದ್ದಿರಬೇಕು, ಮೈ ಸೋತಾಗ ಹೆಚ್ಚಾಗಿದೆ." ಬೋಂಡನನ್ನು ತೂಗಿ, ಆ ತೂಕಕ್ಕೆ ತಕ್ಕಷ್ಟೇ ಮದ್ದನ್ನು ಚರ್ಮದಡಿ ಚುಚ್ಚಿದಳು. ನೋವಿಗೆ ಬಾಯಲ್ಲಿ ಹನಿ ಬಿಟ್ಟಳು. ಮೊಟ್ಟೆಯೊಡೆದು ಬರುವ ಮರಿಹುಳುಗಳಿಗಾಗಿ ಮತ್ತೆ ಚುಚ್ಚಿಸಬೇಕು, ಗೂಡು ತೊಳೆದು ಹಾಸು ಬದಲಿಸುತ್ತಿರಬೇಕು, ನಾಯಿಯ ಮದ್ದನ್ನು ಮಾತ್ರ ಹಾಕಬಾರದು, ದಿನಾ ಸೀಬೆಹಣ್ಣಿನ ಚೂರು ಕೊಡಬೇಕು ಎಂದಳು. ಇಂದುಜಾಳ ಕೈ ನೋಡಿ, "ಈ ಹುಳು ಮನುಷ್ಯರ ಮೈಯಲ್ಲಿ ನಿಲ್ಲಲ್ಲ, ಆದರೂ ಒಮ್ಮೆ ನಿಮ್ಮ ಡಾಕ್ಟರಿಗೆ ತೋರಿಸಿಬಿಡಿ" ಎಂದಳು.

ಕಮಲಾತಾಳ್ ಎಲ್ಲದಕ್ಕೂ ತಲೆಯಾಡಿಸಿದಳು. ಎದ್ದು ಹೊರಡುವ ಬದಲು ಸೆರಗಿನ ತುದಿ ತಿರುವುತ್ತ ಕೂತಳು.

"ಅಮ್ಮಿಣಿ, ಒಂದು ಕೇಳ್ಲಾ? ಮೈ ಸರಿ ಇಲ್ದಾಗ ಮನೆಯಿಂದ ಈಚೆ ತಂದ್ರೆ, ಅದ್ರಿಂದ್ಲೇ ಉಯಿರು ಹೋಗ್ತದಾ?"

"ಇಲ್ಲ ಅಜ್ಜಿ. ತಂದದ್ದಕ್ಕೆ ಯಾರೂ ಸಾಯಲ್ಲ. ತಂದರೂ ಕೆಲವು ಸಲ ನಮ್ಮ ಕೈಲಿ ಉಳಿಸೋಕಾಗಲ್ಲ, ಅಷ್ಟೇ."

"ಮಕ್ಕಳಾದ್ರೆ?"

"ಮಕ್ಕಳಾದರೂ ಅಷ್ಟೇ ಅಜ್ಜಿ."

ಗೋಡೆಯ ಮೇಲಿನ ನಾಯಿಮರಿಯ ಚಿತ್ರವನ್ನು ನೋಡುತ್ತ ನಿಂತಿದ್ದ ಮಯಿಲ್‌ಸಾಮಿ ತಿರುಗಲಿಲ್ಲ. ಅವನ ಬೆನ್ನು ಮಾತ್ರ ಒಂದು ಸಲ ಅಲುಗಿತು. ಕಮಲಾತಾಳ್ ಅದನ್ನು ನೋಡಿದಳು. ಇಷ್ಟು ವರ್ಷ ಈ ಮನುಷ್ಯ ಒಬ್ಬನೇ ಹೊತ್ತದ್ದೆಷ್ಟು ಎಂದು ಅವಳಿಗೆ ಅನಿಸಿತು.

ಮನೆಗೆ ಹೋಗುವ ಬಸ್ಸಿನಲ್ಲಿ ಮಯಿಲ್‌ಸಾಮಿ ಕಿಟಕಿ ಪಕ್ಕ ಕೂತ. ಬುಟ್ಟಿಯಲ್ಲಿ ಬೋಂಡ ಕುಲುಕಾಟಕ್ಕೆ ಹೆದರಿ ಕೀ ಕೀ ಎನ್ನುತ್ತಿತ್ತು. ಕಮಲಾತಾಳ್ ಅದನ್ನೆತ್ತಿ ಗಂಡನ ಮಡಿಲಲ್ಲಿಟ್ಟಳು. ಅವನು ಹೆದರಿ ಕೈ ಹಿಂದೆಳೆದುಕೊಂಡ.

"ಹಿಡ್ಕೊಳ್ಳಿ," ಎಂದಳು. "ನಿಮ್ಮ ತಾವ ಇದ್ರೆ ಏನೂ ಆಗಲ್ಲ."

ಅವನು ಎರಡೂ ಅಂಗೈಯನ್ನು ಬೋಂಡನ ಸುತ್ತ ಕಟ್ಟಿದ. ಕೀಚಲು ನಿಂತಿತು. ಮೈಯೆಲ್ಲ ದಣಿದಿದ್ದ ಪ್ರಾಣಿ ಅವನ ಹೆಬ್ಬೆರಳ ಮೇಲೆ ಮೂತಿಯಿಟ್ಟು, ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿತು. ಮಯಿಲ್‌ಸಾಮಿ ಉಸಿರನ್ನೂ ಬಿಗಿಹಿಡಿದು ಕೂತಿದ್ದ.

"ತಾತಾ, ನಮ್ಮ ಸ್ಟಾಪು!" ಎಂದು ಇಂದುಜಾ ಎದ್ದಳು.

ಮಯಿಲ್‌ಸಾಮಿ ಮಡಿಲು ನೋಡಿದ, ಹೆಂಡತಿಯನ್ನು ನೋಡಿದ. ಏಳಲಿಲ್ಲ.

"ಕೂತ್ಕೊ ಕಣ್ಣು," ಎಂದಳು ಕಮಲಾತಾಳ್, ಅವನ ಕಡೆ ಸ್ವಲ್ಪ ಸರಿದು. "ಮಲಗ್ಯದೆ. ಮುಂದಿನ ಸ್ಟಾಪಲ್ಲಿ ಇಳ್ಕೊಂಡು ನಡ್ಕೊಂಡು ಬರುವಾ."

ಬಸ್ಸು ಅವರ ತೋಟವನ್ನು ದಾಟಿ ಮುಂದಕ್ಕೆ ಹೋಯಿತು.