ಓಡದ ಅಸಲು

ಮೂರನೆಯ ಸಲವೂ ಕಂಪ್ಯೂಟರು ಡಿಸ್ಕನ್ನು ಹೊರಗೆ ನೂಕಿತು. ಗುಮಾಸ್ತ ಅದನ್ನು ಅಂಗಿಯ ತುದಿಯಿಂದ ಒರೆಸಿ ಮತ್ತೆ ಒಳಗಿಟ್ಟ. ಪರದೆ ಖಾಲಿಯೇ ಉಳಿಯಿತು. "ಚಲತ್ ನಾಹೀ, ಸಾಹೇಬ್," ಓಡುತ್ತಿಲ್ಲ ಎಂದ.

ಬೆಂಚಿನಿಂದ ಅರ್ಧ ಎದ್ದಿದ್ದ ಮಲ್ಲಕ್ಕ ಹಾಗೆಯೇ ನಿಂತಳು. ಅವಳ ಗಂಡ ಖಂಡಪ್ಪ ಗೋರೆಗಾಂವ್‌ನಲ್ಲಿ ಏಳುತ್ತಿದ್ದ ಬಿಲ್ಡಿಂಗಿನ ಒಂಬತ್ತನೆಯ ಮಹಡಿಯಿಂದ ಬಿದ್ದು ಸತ್ತು ಎಂಟು ತಿಂಗಳಾಗಿತ್ತು. ಅಂಥ ಗಾರೆ ಕೆಲಸದ ಗೌಂಡಿ ತನ್ನಲ್ಲಿರಲಿಲ್ಲ, ಯಾರೋ ಕಬ್ಬಿಣ ಕದಿಯಲು ಹತ್ತಿರಬೇಕು ಎಂದು ಕಂತ್ರಾಟುದಾರ ಬರೆದುಕೊಟ್ಟಿದ್ದ. ಖಂಡಪ್ಪನನ್ನು ಊರಿಂದ ಕರೆತಂದು ಕೆಲಸಕ್ಕೆ ಹಚ್ಚಿದ ಮೇಸ್ತ್ರಿ ಅಣವೀರಪ್ಪ ಕೂಡ ಅವನ ಗುರುತೇ ಇಲ್ಲವೆಂದು ಹೇಳಿಕೆ ಕೊಟ್ಟಿದ್ದ. ಕಳ್ಳ ಎಂಬ ಮಾತೇ ಮಲ್ಲಕ್ಕನನ್ನು ಈ ಕಾರ್ಮಿಕ ಪರಿಹಾರದ ಕಚೇರಿಯ ಮೆಟ್ಟಿಲು ಹತ್ತಿಸಿದ್ದು.

ಅವಳ ಕೈಯಲ್ಲಿದ್ದದ್ದು ಆ ಡಿಸ್ಕ್ ಒಂದೇ. ಸ್ಲ್ಯಾಬಿನ ಪೂಜೆಯ ದಿನ ಕಂತ್ರಾಟುದಾರನೇ ವಿಡಿಯೊ ಮಾಡಿಸಿದ್ದ. ಅದರಲ್ಲಿ ಅವನು ಖಂಡಪ್ಪನಿಗೆ ಶಾಲು ಹೊದಿಸುತ್ತಾನೆ. ಪಕ್ಕದಲ್ಲಿ ಅಣವೀರಪ್ಪ ಚಪ್ಪಾಳೆ ತಟ್ಟುತ್ತಾನೆ.

"ಸ್ಟುಡಿಯೊದಿಂದ ಮಷೀನ್ ತರ್ತೀವಿ, ಸರ್," ಎಂದಳು ಮಗಳು ಸಪ್ನಾ. ಹೊರಗಿನ ಯಂತ್ರವನ್ನು ಕಂತ್ರಾಟುದಾರನ ವಕೀಲ ಒಪ್ಪಲಿಲ್ಲ. ವಿಚಾರಣೆ ನಡೆಸುತ್ತಿದ್ದ ಸಾಹೇಬರು ಮುಂದಿನ ತಾರೀಖು ಕೊಟ್ಟರು.

ವಿಡಿಯೊ ತೆಗೆದಿದ್ದ ಸಂದೀಪ ಉಡುಪಿ ಕಡೆಯವನು. ಭಾಂಡುಪ್‌ನ ಸ್ಟುಡಿಯೊದಲ್ಲಿ ಡಿಸ್ಕನ್ನು ತಿರುಗಿಸಿ ನೋಡಿ ತಲೆಯಾಡಿಸಿದ. "ಇದು ಪ್ಲಸ್ ಡಿಸ್ಕ್. ಅವರ ಹಳೇ ಡ್ರೈವ್ ಮೈನಸ್ ಮಾತ್ರ ಓದ್ತದೆ. ನೋಡ್ಲಿಕ್ಕೆ ಎರಡೂ ಒಂದೇ ಮಾರಾಯ್ರೆ. ಕಂಪೆನಿಯವರಿಗೆ ಒಬ್ಬರದ್ದು ಒಬ್ಬರಿಗೆ ಆಗ್ಲಿಲ್ಲ, ಎರಡು ಬಗೆ ಮಾಡಿ ಬಿಟ್ಟರು."

"ಅವರ ಜಗಳದಾಗ ನಮ್ಮ ಮನಿಯವರು ಯಾಕ ಸಿಗಬೇಕ್ರಿ?" ಎಂದಳು ಮಲ್ಲಕ್ಕ.

ಸಂದೀಪ ಮೈನಸ್ ಡಿಸ್ಕಿಗೆ ನಕಲು ಮಾಡಿಕೊಟ್ಟ. ಪೂಜೆಯನ್ನು ಮೊದಲು ತೆಗೆದಿದ್ದ ಕ್ಯಾಮೆರಾದ ಕ್ಯಾಸೆಟ್ಟಿನ ಮೇಲೆ ಆಗಲೇ ಯಾರದೋ ಮದುವೆ ತೆಗೆದಾಗಿತ್ತು.

ಮುಂದಿನ ತಾರೀಖಿಗೆ ಡಿಸ್ಕ್ ಓಡಿತು. ಹೂಮಾಲೆ, ತೆಂಗಿನಕಾಯಿ, ಸಾಲಾಗಿ ನಿಂತ ಆಳುಗಳು. ಖಂಡಪ್ಪ ತಲೆ ಬಾಗಿಸಿದ, ಶಾಲು ಹೆಗಲೇರಿತು, ಅವನು ನಾಚಿ ನಕ್ಕ. ಸಪ್ನಾ ಬಾಯಿಗೆ ಓಢಣಿ ಒತ್ತಿಕೊಂಡಳು. ಗೋಡೆಗೆ ಒರಗಿದ್ದ ಅಣವೀರಪ್ಪ ಪರದೆಯ ಮೇಲಿನ ತನ್ನನ್ನೇ ನೋಡುತ್ತಿದ್ದ.

ವಕೀಲ ಎದ್ದ. "ಇದು ಅಸಲೋ, ನಕಲೋ?"

"ನಕಲು," ಎಂದಳು ಸಪ್ನಾ. "ಅಸಲು ಇಲ್ಲೇ ಇದೆ."

"ಓಡಿಸಿ ತೋರಿಸಿ."

ಗುಮಾಸ್ತ ಅಸಲನ್ನು ಹಾಕಿದ. ಯಂತ್ರ ಗುರುಗುಟ್ಟಿ ಹೊರಗೆ ನೂಕಿತು.

"ಅಸಲಿನಲ್ಲಿ ಏನಿದೆಯೋ ಯಾರಿಗೂ ಕಾಣದು. ನಕಲನ್ನು ಹೇಗೆ ಬೇಕಾದರೂ ಮಾಡಬಹುದು," ಎಂದ ವಕೀಲ. ಸಾಹೇಬರು ಗಡಿಯಾರ ನೋಡಿದರು. ಅಸಲಿನೊಂದಿಗೆ ತಾಳೆಯಾಗದ ನಕಲನ್ನು ಪರಿಗಣಿಸಲಾಗದು, ಬೇರೆ ಸಾಕ್ಷ್ಯವಿಲ್ಲ, ಅರ್ಜಿ ವಜಾ ಎಂದು ಬರೆಸಿದರು.

ಮಲ್ಲಕ್ಕ ವರಾಂಡದಲ್ಲಿ ಅಣವೀರಪ್ಪನನ್ನು ತಡೆದಳು. ಅವನು ನೆಲ ನೋಡಿದ.

"ನನಗೂ ಮಕ್ಕಳದಾವ, ಮಲ್ಲಕ್ಕ. ಬಾಯಿ ಬಿಟ್ರ ನಾಳಿಂದ ನನಗೂ ಕೆಲಸ ಇಲ್ಲ."

"ಕೇಸ್ ಮುಗೀತಲ್ಲ. ಇಲ್ಲಿ ಬರಕೊಳ್ಳಾಕ ಯಾರೂ ಇಲ್ಲ. ಅವ ಕಳ್ಳ ಅಲ್ಲ ಅಂತ ಈ ಹುಡುಗಿಗಿ ಒಮ್ಮೆ ಹೇಳು, ಸಾಕು."

ಅಣವೀರಪ್ಪ ಸಪ್ನಾಳ ಕಡೆ ತಿರುಗಿದ. ತುಟಿ ಅಲುಗಿತು. ಅಷ್ಟರಲ್ಲಿ ವಕೀಲ ಬಾಗಿಲು ದಾಟಿ ಹೊರಬಂದ. ಅಣವೀರಪ್ಪ ಅವನ ಕೈಯ ಫೈಲುಗಳನ್ನು ಇಸಿದುಕೊಂಡು ಮೆಟ್ಟಿಲಿಳಿದ.

"ಆಯೀ, ಚಲ್," ಎಂದು ಸಪ್ನಾ ತಾಯಿಯ ಕೈ ಎಳೆದಳು. "ನನಗೆ ಅವನ ಮಾತು ಬೇಡ. ಪಪ್ಪಾ ಎಂಥವರು ಅಂತ ನನಗೆ ಗೊತ್ತಿಲ್ವಾ?"

ಆದೇಶದ ಪ್ರತಿ ಕೊಡಲು ಗುಮಾಸ್ತ ಮತ್ತೆ ಒಳಗೆ ಕರೆದ. ಮಲ್ಲಕ್ಕ ಅವನು ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದಳು. ಬೆರಳಿನ ಶಾಯಿ ಒರೆಸಿಕೊಳ್ಳಲು ಕಾಗದ ಕೇಳಿದಾಗ ಅವನು ತಲೆಯೆತ್ತದೆ ಗೋಡೆ ತೋರಿಸಿದ. ಮೇಜಿನೆತ್ತರದಿಂದ ಆಳೆತ್ತರದವರೆಗೆ ಒಂದರ ಮೇಲೊಂದು ಶಾಯಿ ಬೆರಳುಗಳ ನೀಲಿ ಗೀರುಗಳು. ಖಾಲಿ ಜಾಗಕ್ಕಾಗಿ ಅವಳು ಸ್ವಲ್ಪ ಹೊತ್ತು ಹುಡುಕಿದಳು. ಆಮೇಲೆ ಬಗ್ಗಿ, ತೀರಾ ಕೆಳಗೆ, ನೆಲದ ಹತ್ತಿರ ಒರೆಸಿದಳು.